ಮಾಲಾ ಅಪ್ಪನ ಪೆಟ್ಟಿಗೆ ತೆರೆಯದ ಬೂಟ್‌ಲೋಡರ್ ಮಹಾಶಯರಿಗೆ

ಮಾನ್ಯರಲ್ಲಿ ಮಾನ್ಯರಾದ ಬೂಟ್‌ಲೋಡರ್ ಮಹಾಶಯರೇ,

ತಮಿಳು ಸೀಮೆಯ ಕೊಳತ್ತೂರು ಬಸ್ ನಿಲ್ದಾಣದ ಎದುರಿನ ನನ್ನ ವಿಡಿಯೋ ಅಂಗಡಿಯಲ್ಲಿ, ವಿಡಿಯೋಗಳನ್ನು ಕೂಡಿಡಲೆಂದು ಕೊಂಡು ಕಪಾಟಿನ ಮೇಲಿಟ್ಟ ಬಿಳಿ ಪೆಟ್ಟಿಗೆಯ ಹೊಟ್ಟೆಯೊಳಗೆ, ಉಗುರಿನಷ್ಟಿರುವ ಕರಿ ಚಿಪ್ಪೊಂದರಲ್ಲಿ ಬಿಜಯಮಾಡಿಸಿರುವ ತಮಗೆ ಗೋವಿಂದರಾಜು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಪಾದಗಳು ಎಲ್ಲಿವೆಯೆಂದು ತಿಳಿಯದ ಕಾರಣ ಪೆಟ್ಟಿಗೆಯ ಅಡಿಯ ರಬ್ಬರ್ ಗುಂಡಿಗಳನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೇನೆ. ತಾವು ಕ್ಷೇಮವಾಗಿರುವುದು ಮುಂದುಗಡೆ ಮಿಣುಕುತ್ತಿರುವ ಕೆಂಪು ದೀಪದಿಂದಲೇ ಗೊತ್ತಾಗುತ್ತಿದೆ. ನಾವಂತೂ ಕ್ಷೇಮವಾಗಿಲ್ಲ, ಅದನ್ನು ತಿಳಿಸುವುದಕ್ಕೇ ಈ ಪತ್ರ.

ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆಂದು ತಾವು ಹುಬ್ಬೇರಿಸಬಹುದು. ತಮ್ಮ ಕಂಪನಿಗೆ ಇಂಗ್ಲಿಷಿನಲ್ಲಿ ಬರೆದು ನೋಡಿದೆ, ಪೆಟ್ಟಿಗೆ ಮಾರಿದವರ ಹತ್ತಿರ ತಮಿಳಿನಲ್ಲಿ ಜಗಳವಾಡಿ ನೋಡಿದೆ, ನನ್ನ ತಂಗಿಯ ಮಗ ಅರವಿಂದನ ಕೈಯಲ್ಲಿ ತಮ್ಮದೇ ಯಂತ್ರಭಾಷೆಯಲ್ಲಿ ಅರ್ಜಿ ಹಾಕಿಸಿಯೂ ನೋಡಿದೆ. ಉಳಿದಿರುವುದು ಮನೆಮಾತೊಂದೇ. ನಮ್ಮಲ್ಲಿ ಕನ್ನಡ ಬಾಯಲ್ಲಿರುತ್ತದೆ, ಕೈಯಲ್ಲಿರುವುದಿಲ್ಲ. ಶಾಲೆಯಲ್ಲಿ ತಮಿಳು ಓದಿದ ನಾನು ಕನ್ನಡ ಅಕ್ಷರ ಕಲಿತದ್ದು ಮಾದೇಶ್ವರ ಬೆಟ್ಟದ ಕಡೆಯಿಂದ ಇಳಿದು ಬರುವ ಬಸ್ಸುಗಳ ಬೋರ್ಡು ಓದಿ. ಆಮೇಲೆ ಕೊಳ್ಳೇಗಾಲದ ಗಿರಾಕಿಗಳ ಮದುವೆ ವಿಡಿಯೋಗಳಿಗೆ ಹೆಸರು ಕೂಡಿಸುತ್ತ, ಅವರ ಲಗ್ನಪತ್ರಿಕೆಗಳನ್ನು ಓದುತ್ತ ಕೈ ಕುದುರಿತು. ಹಾಗಾಗಿ ನನ್ನ ಬರಹದಲ್ಲಿ ಜರಿ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ, ತಾವು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು.

ಈ ಪತ್ರ ಬಹಿರಂಗವಾದ್ದರಿಂದ, ತಮ್ಮ ಪರಿಚಯವಿಲ್ಲದ ಪಾಮರರೂ ಓದಬಹುದು. ಅವರಿಗೊಂದು ಮಾತು: ಕರೆಂಟು ಬಂದ ಕೂಡಲೇ ಪೆಟ್ಟಿಗೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಈ ಮಹಾಶಯರು. ಎದ್ದು ಬಾಗಿಲಲ್ಲಿ ನಿಂತು, ಒಳಗೆ ಬಂದು ಪೆಟ್ಟಿಗೆಯನ್ನು ನಡೆಸುವವರು ಯಾರೆಂದು ತೀರ್ಮಾನಿಸುತ್ತಾರೆ. ಕಂಪನಿಯ ಸಹಿ ಇರುವವರನ್ನು ಒಳಗೆ ಬಿಡುತ್ತಾರೆ, ಉಳಿದವರಿಗೆ ಬಾಗಿಲು ಹಾಕುತ್ತಾರೆ. ಕೊಂಡವನಿಗೂ ಹಾಕುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಹಾ, ಏನು ನಿಷ್ಠೆ ಸ್ವಾಮಿ! ತಮ್ಮ ಕಂಪನಿ ಈ ಪೆಟ್ಟಿಗೆಗಳನ್ನು ಮಾಡುವುದನ್ನೇ ಬಿಟ್ಟಿತು, ಇವು ದಿನಾ ಕೇಳಿ ಒಪ್ಪಿಗೆ ಪಡೆಯುತ್ತಿದ್ದ ದೂರದ ಸರ್ವರ್ ಕಂಪ್ಯೂಟರನ್ನೂ ಮುಚ್ಚಿತು. ಆದರೂ ತಾವು ಯಜಮಾನರು ಊರುಬಿಟ್ಟು ಹೋದ ಮನೆಯ ಕಾವಲುಗಾರನಂತೆ, ಒಪ್ಪಿಗೆ ಬಂದಿಲ್ಲ, ಒಳಗೆ ಬಿಡುವುದಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತೇ ಇದ್ದೀರಿ.

ಇನ್ನು ತಾವು ಒಳಗೆ ಬಿಡುವುದು ಯಾರನ್ನು, ಬಿಡದಿರುವುದು ಯಾರನ್ನು ಎಂಬ ವಿಚಾರ. ಲೋಕದ ಜನ ಸೇರಿ ಕಟ್ಟಿ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟಿರುವ ಲಿನಕ್ಸ್ ಎಂಬ ವ್ಯವಸ್ಥೆ ಒಂದಿದೆ. ಅದನ್ನು ತಮ್ಮ ಪೆಟ್ಟಿಗೆಗೆ ಹಾಕಿಕೊಂಡರೆ ಕಂಪನಿಯ ಹಂಗಿಲ್ಲದೆ ನನ್ನ ವಸ್ತುವನ್ನು ನಾನು ತೆಗೆದುಕೊಳ್ಳಬಹುದೆಂದು ಅರವಿಂದ ಹೇಳಿದ. ಆಮೇಲೆ ತಿಳಿಯಿತು, ತಮ್ಮ ಕಂಪನಿಯವರು ಮೊದಲಿನಿಂದಲೂ ಒಳಗೆ ಓಡಿಸುತ್ತಿದ್ದದ್ದು ಅದೇ ಲಿನಕ್ಸನ್ನೇ. ಊರಬಾವಿಯ ನೀರು ಸೇದಿ ಮನೆಯ ತೊಟ್ಟಿ ತುಂಬಿಸಿಕೊಂಡು, ಊರವರು ಬಿಂದಿಗೆ ತಂದರೆ ತೊಟ್ಟಿಗೆ ಬೀಗ ಜಡಿಯುವುದೆಂದರೆ ಇದೇ ಅಲ್ಲವೇ? ಕೇಳಬಾರದ್ದನ್ನು ಕೇಳಿದೆನಾದರೆ ಕ್ಷಮೆಯಿರಲಿ.

ಈಗ ನನ್ನ ವಸ್ತು ಏನೆಂಬುದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಹೆಂಡತಿ ಸಿದ್ದಲಕ್ಷ್ಮಮ್ಮನ ಬಗ್ಗೆ ಹೇಳಬೇಕು. ನಮ್ಮ ಕಡೆಯ ಹಳೆಯ ರೂಢಿಯಂತೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿಕೆ. ಇವಳದು ಆ ವಿಷಯದಲ್ಲಿ ತಮ್ಮಷ್ಟೇ ಬಿಗಿ. ನಮ್ಮ ಮಗಳು ಮಾಲಾ ಹುಟ್ಟಿದಂದಿನಿಂದ ನಾನು ‘ಮಾಲಾ ಅಪ್ಪ’. ತಮಿಳು ತಿಂಗಳು ಪುರಟಾಸಿಯ ಶನಿವಾರಗಳಂದು ಊರೆಲ್ಲ ‘ಗೋವಿಂದಾ ಗೋವಿಂದಾ’ ಎಂದು ಕೂಗುವಾಗ ಇವಳೊಬ್ಬಳು ‘ಸ್ವಾಮೀ ಸ್ವಾಮೀ’ ಎನ್ನುತ್ತಿದ್ದಳು. ರೇಷನ್ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಗಂಡನ ಹೆಸರು ಕೇಳಿದರೆ ಪಕ್ಕದ ಮನೆಯ ಕಣ್ಣಮ್ಮ ಹೇಳುತ್ತಾಳೆ. ಕಣ್ಣಮ್ಮನ ಗಂಡನ ಹೆಸರನ್ನು ಇವಳು ಹೇಳುತ್ತಿದ್ದಳು. ಇಬ್ಬರೂ ಜೊತೆಯಲ್ಲಿ ಹೋದರೆ ಸರ್ಕಾರದ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ.

ತಾವು ನಮ್ಮ ಅಂಗಡಿಗೆ ದಯಮಾಡಿಸಿದ ದಿನ ನಾನು ಕಡಯಂಪಟ್ಟಿಯ ಮದುವೆಯೊಂದರಲ್ಲಿ ಕ್ಯಾಮೆರಾ ಹಿಡಿದುಕೊಂಡಿದ್ದೆ. ಅಂಗಡಿಯಲ್ಲಿ ಇವಳೊಬ್ಬಳೇ. ಪೆಟ್ಟಿಗೆ ಕೂರಿಸಲು ಬಂದವನು ಎಲ್ಲ ಜೋಡಿಸಿ, ನೋಂದಣಿಗಾಗಿ ಓನರ್ ಹೆಸರು ಹೇಳಮ್ಮಾ ಎಂದನಂತೆ. ಇವಳು ಕಣ್ಣಮ್ಮನಿಗಾಗಿ ಸುತ್ತ ನೋಡಿದಳು. ಕಣ್ಣಮ್ಮ ಮೆಟ್ಟೂರಿಗೆ ಮೀನು ಮಾರಲು ಹೋಗಿದ್ದಳು. ಬೇರೆ ದಾರಿಯಿಲ್ಲದೆ, “ಮಾಲಾ ಅಪ್ಪ” ಎಂದಳು. ಆ ಪುಣ್ಯಾತ್ಮ ಅದನ್ನೇ ಬರೆದುಕೊಂಡ: ಹೆಸರು ಮಾಲಾ, ಮನೆತನ ಅಪ್ಪ. ಅಂದಿನಿಂದ ತಮ್ಮ ಕಂಪನಿಯ ಕಡತದಲ್ಲಿ ಈ ಪೆಟ್ಟಿಗೆಯ ಒಡೆಯರು ಶ್ರೀಮಾನ್ ಮಾಲಾ ಅಪ್ಪನವರು. ಸಂಜೆ ಇವಳು ನನಗಿದನ್ನು ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸರಿಪಡಿಸುವ ಬುದ್ಧಿ ಮಾತ್ರ ಬರಲಿಲ್ಲ.

ಗಿರಾಕಿಗಳ ಮದುವೆಗಳೆಲ್ಲ ಪೆನ್‌ಡ್ರೈವ್ ಹತ್ತಿ ಅವರವರ ಮನೆ ಸೇರಿವೆ, ಅವುಗಳ ಚಿಂತೆ ನನಗಿಲ್ಲ. ನನಗೆ ಬೇಕಾಗಿರುವುದು ಒಂದೇ ಒಂದು ಫೈಲು, ಅದರಲ್ಲಿ ಚಿತ್ರವೂ ಇಲ್ಲ, ಬರೀ ಧ್ವನಿ. ಹೊಸ ಕಾಲರ್ ಮೈಕು ಕೊಂಡ ದಿನ ಅದು ಸರಿಯಾಗಿದೆಯೇ ಎಂದು ನೋಡಲು, ಕೊಟ್ಟಿಗೆಗೆ ಹೊರಟಿದ್ದ ಇವಳ ಸೆರಗಿಗೆ ಸಿಕ್ಕಿಸಿ, ಯಂತ್ರ ಚಾಲೂ ಮಾಡಿಟ್ಟು, ನಾನು ಬೂಸಾ ತರಲು ಹೋದೆ. ಹೋದವನು ದಾರಿಯಲ್ಲಿ ಸಿಕ್ಕವರ ಜೊತೆ ಮಾತಿಗೆ ನಿಂತೆ. ಇವಳಿಗೆ ಮೈಕು ಮರೆತೇ ಹೋಯಿತು. ನಮ್ಮ ಎಮ್ಮೆ ಬೊಮ್ಮಿಗೆ ಒಂದು ಕೆಟ್ಟ ಚಾಳಿ: ಇವಳು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರೆ ಮಾತ್ರ ಸೊರ ಬಿಟ್ಟು ಹಾಲು ಇಳಿಸುತ್ತಿತ್ತು. ಅದಕ್ಕೇ ಇವಳು ಹಾಲು ಕರೆಯುವಷ್ಟು ಹೊತ್ತೂ ಊರ ಸುದ್ದಿಯನ್ನೆಲ್ಲ ಎಮ್ಮೆಗೆ ಒಪ್ಪಿಸುತ್ತಿದ್ದದ್ದು.

ಮಾರನೆಯ ದಿನ ಅಂಗಡಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳುತ್ತಿದ್ದೆ. ಹಾಲಿನ ಸರ್ ಸರ್ ಸದ್ದಿನ ನಡುವೆ ಇವಳ ದನಿ: “ಇರೇ ಬೊಮ್ಮಿ, ಒದೀಬ್ಯಾಡ. ನಿಂಗೆ ಅಸಿವು ಅಂತ ನಂಗೇನು ಗೊತ್ತಿಲ್ವಾ? ಬೂಸಾ ತತ್ತೀನಂತ ಓದ ಗೋವಿಂದ್ರಾಜು ಇನ್ನೂ ಬರ್ನಿಲ್ಲ ನೋಡು. ಎಲ್ಲಿ ಬಾಯಿ ಬಿಟ್ಕಂಡು ನಿಂತವ್ನೋ. ಊರೋರ ಮದ್ವೇಲೆಲ್ಲ ನಗ್ರಿ ನಗ್ರಿ ಅಂತಾನೆ, ಮನೇಗೆ ಬಂದ್ರೆ ಮುಖ ಗಂಟು. ಆದ್ರೂ ನಮ್ ಗೋವಿಂದ್ರಾಜು ಒಳ್ಳೇವ್ನು ಕಣೇ.”

ಮಹಾಶಯರೇ, ಮದುವೆಯಾದಂದಿನಿಂದ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೊಂದೇ ಸಲ. ಅದೂ ಎಮ್ಮೆಗೆ ಹೇಳಿದ್ದು. ಎಮ್ಮೆಯ ಹತ್ತಿರ ಹೇಳಿದರೆ ಆಯುಸ್ಸಿಗೆ ತೊಂದರೆಯಿಲ್ಲವೆಂದು ಅವಳೇ ಒಂದು ಕಾನೂನು ಮಾಡಿಕೊಂಡಿದ್ದಳೋ ಏನೋ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೂ ಲೆಕ್ಕಿಸದೆ ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಅವಳಿಗೆ ಹೇಳಲಿಲ್ಲ, ಹೇಳಿದರೆ ನಾಚಿಕೆಯಿಂದ ಎಮ್ಮೆಯ ಹತ್ತಿರವೂ ಬಾಯಿ ಮುಚ್ಚಿಬಿಟ್ಟಾಳು ಎಂಬ ಭಯ. ಮೈಕಿನ ಕಾರ್ಡನ್ನು ಮುಂದಿನ ಮದುವೆಗಾಗಿ ಅಳಿಸಿ, ಫೈಲನ್ನು ಮಾತ್ರ ತಮ್ಮ ಸುಪರ್ದಿಗೆ ಒಪ್ಪಿಸಿದೆ. ಕಳೆದುಹೋಗದೆ ಇರಲಿ ಎಂದು. ತಾವು ಕಳೆದಿಲ್ಲ, ಅದನ್ನು ಒಪ್ಪುತ್ತೇನೆ.

ಆಮೇಲೆ ಇವಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಸೇಲಂನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಸಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕೆಂದರು, ತೆಗೆದರು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಆ ದಿನಗಳಲ್ಲೇ ತಮ್ಮ ಕಂಪನಿಯ ನೋಟಿಸು ನನ್ನ ಫೋನಿಗೆ ಬಂದಿದೆ: ಸೇವೆ ನಿಲ್ಲಿಸುತ್ತಿದ್ದೇವೆ, ಗಡುವಿನೊಳಗೆ ತಮ್ಮ ಅಮೂಲ್ಯ ನೆನಪುಗಳನ್ನು ತೆಗೆದುಕೊಳ್ಳಿ, ಇಷ್ಟು ಕಾಲ ನಮ್ಮೊಂದಿಗಿದ್ದುದಕ್ಕೆ ಧನ್ಯವಾದ. ನಾನದನ್ನು ತೆರೆದು ನೋಡುವ ಹೊತ್ತಿಗೆ ಪೆಟ್ಟಿಗೆಯ ಹಸಿರು ದೀಪ ಕೆಂಪಾಗಿತ್ತು. ತಡವಾದವರಿಗೆ ಇನ್ನೊಂದು ಅವಕಾಶವಿತ್ತು. ಒಡೆಯರು ಗುರುತಿನ ಚೀಟಿ ತೋರಿಸಿದರೆ ಒಂದು ಸಲ ತೆರೆದುಕೊಡುತ್ತಿದ್ದರು.

ಕಂಪನಿಯ ಸಹಾಯವಾಣಿಯಲ್ಲಿದ್ದ ನಾಗರಾಜನ್ ಎಂಬವರು ಎಷ್ಟು ಸಭ್ಯರೆಂದರೆ, ಅವರ ಮೇಲೆ ಕೂಗಾಡಿ ಫೋನಿಟ್ಟ ಮೇಲೆ ನನಗೇ ಬೇಜಾರಾಗುತ್ತಿತ್ತು. “ಸಾರ್, ಮಿಸ್ಟರ್ ಅಪ್ಪಾ ಲೈನ್‌ಲ ಇರುಕ್ಕಾರಾ?” ಎಂದು ಕೇಳಿದರು. ನಾನೇ ಎಂದೆ. ನನ್ನ ಆಧಾರ್ ಕಾರ್ಡಿನಲ್ಲಿ ಗೋವಿಂದರಾಜು ಎಂದಿದೆಯಲ್ಲ ಎಂದರು. ಮಾಲಾಳಿಗೆ ನಾನು ಅಪ್ಪ, ಬೇಕಾದರೆ ಮಗಳನ್ನೇ ಕೇಳಿ ಎಂದೆ. ಧರ್ಮಪುರಿಯಲ್ಲಿರುವ ಮಾಲಾ ಆ ಕೆಲಸಕ್ಕೆಂದೇ ತೊಪ್ಪೂರು ಘಾಟಿ ಇಳಿದು ಬಂದು, ಫೋನಿನಲ್ಲಿ “ಇವ್ರೇ ನಮ್ಮಪ್ಪ ಸಾರ್” ಎಂದು ಸಾಕ್ಷಿ ಹೇಳಿದಳು. ಸಂತೋಷ ಮೇಡಂ, ಆದರೆ ಮಿಸ್ಟರ್ ಅಪ್ಪನವರ ಸ್ವಂತ ಗುರುತಿನ ಚೀಟಿಯೇ ಬೇಕಾಗುತ್ತದೆ ಎಂದರು ನಾಗರಾಜನ್. ಅಂಥ ಚೀಟಿ ಈ ಲೋಕದಲ್ಲಿ ಯಾವ ಅಪ್ಪನ ಹತ್ತಿರವೂ ಇರಲಾರದು. ಅಷ್ಟರಲ್ಲಿ ಸಹಾಯವಾಣಿಯ ಗಡುವೂ ಮುಗಿದು, ನಾಗರಾಜನ್ ಕೂಡ ಎಲ್ಲೋ ಹೋದರು.

ಆಗ ಅರವಿಂದನನ್ನು ಕರೆಸಿದೆ. ಅವನು ಓಮಲೂರು ಕಡೆಯ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಒಳಗಿನ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಚುಚ್ಚೋಣವೇ ಎಂದೆ. ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿದೆ, ಅದನ್ನು ಬಿಡಿಸುವ ಕೀಲಿ ತಮ್ಮ ಚಿಪ್ಪಿನಲ್ಲೇ ಇದೆ, ಆ ಚಿಪ್ಪಿನ ಮೇಲೆ ನಮ್ಮ ಲಿನಕ್ಸ್ ಏಳಬೇಕು, ಆಗ ಮಾತ್ರ ಸಾಧ್ಯ ಎಂದ. ಬೋರ್ಡಿನ ಮೇಲೆ ತೂತುಗಳನ್ನು ಹುಡುಕಿ, ತಂತಿ ಬೆಸೆದು, ಲ್ಯಾಪ್‌ಟಾಪಿನಲ್ಲಿ ತಮ್ಮ ಶ್ರೀಮುಖದ ಮಾತನ್ನು ನೇರವಾಗಿ ನೋಡುವಂತೆ ಮಾಡಿದ. ತಾವು ಎದ್ದಿರಿ, ನಮ್ಮ ಲಿನಕ್ಸನ್ನು ಅಡಿಯಿಂದ ಮುಡಿಯವರೆಗೆ ನೋಡಿದಿರಿ, ‘ಸಹಿ ಸರಿಯಿಲ್ಲ, ನಿಲ್ಲಿಸಲಾಗಿದೆ’ ಎಂಬರ್ಥದ ಒಂದು ಸಾಲು ಬರೆದು ಮಲಗಿದಿರಿ. ಅರವಿಂದ ಬೇರೆ ಬೇರೆ ವೇಷ ತೊಡಿಸಿ ಕಳಿಸಿದ. ಪ್ರತಿ ಸಲವೂ ಅದೇ ಸಾಲು. ಕೊನೆಗೆ, “ಮಾಮಾ, ಬೂಟ್‌ಲೋಡರ್‌ನೇ ಲಾಕ್ ಮಾಡವ್ರೆ. ಸೈನ್ ಆಕೋ ಕೀ ಕಂಪ್ನಿ ತಾವ ಐತೆ. ಒಣ್ಣುಮೇ ಪಣ್ಣ ಮುಡಿಯಾದು” ಎಂದು ಕನ್ನಡದಲ್ಲಿ ಶುರುಮಾಡಿ, ಏನೂ ಮಾಡಲಾಗದೆಂದು ತಮಿಳಿನಲ್ಲಿ ಕೈಚೆಲ್ಲಿದ.

ಸಹಿಯ ವಿಷಯದಲ್ಲಿ ಒಂದು ವಿನಂತಿ. ನನ್ನ ಹೆಂಡತಿಗೆ ಸಹಿ ಬರುವುದಿಲ್ಲ. ಆದರೂ ಬ್ಯಾಂಕಿನವರು, ತಹಸೀಲ್ದಾರರು, ಆಸ್ಪತ್ರೆಯಲ್ಲಿ ಅವಳ ಗಂಟಲು ಕೊಯ್ಯಲು ಒಪ್ಪಿಗೆ ಕೇಳಿದ ದೊಡ್ಡ ಡಾಕ್ಟರು, ಎಲ್ಲರೂ ಅವಳ ಹೆಬ್ಬೆಟ್ಟನ್ನು ಮರ್ಯಾದೆಯಿಂದ ಒಪ್ಪಿಕೊಂಡಿದ್ದಾರೆ. ತಾವೂ ಒಪ್ಪಿಕೊಳ್ಳುವುದಾದರೆ ನೀಲಿ ಶಾಯಿಯ ಪ್ಯಾಡು ಅಂಗಡಿಯಲ್ಲೇ ಇದೆ. ಚಿಪ್ಪಿನ ಮೇಲೆ ಒತ್ತಬೇಡಿ, ಕೆಟ್ಟುಹೋಗುತ್ತದೆ ಎಂದು ಅರವಿಂದ ತಡೆದಿರುವುದರಿಂದ ಮಾತ್ರ ಸುಮ್ಮನಿದ್ದೇನೆ. ಅದಾಗದಿದ್ದರೆ, ಮೆಟ್ಟೂರಿನ ಅಣೆಕಟ್ಟೆಯಂಥ ಅಣೆಕಟ್ಟೆಯೇ ವರ್ಷಕ್ಕೊಂದು ಸಲ ಬಾಗಿಲೆತ್ತುತ್ತದೆ, ತಾವೂ ಆಡಿ ತಿಂಗಳ ಹದಿನೆಂಟರ ಹೊಳೆಪೂಜೆಯ ಹಬ್ಬದ ದಿನ ಒಂದು ಗಳಿಗೆ ಬಾಗಿಲೆತ್ತಬೇಕು. ಅಣೆಕಟ್ಟೆಯಲ್ಲಿ ಮುಳುಗಿದ ಗುಡಿಯ ಬಸವಣ್ಣ ಕೂಡ ನೀರು ಇಳಿದ ವರ್ಷ ತಲೆ ಹೊರಗೆ ಹಾಕಿ ಊರವರಿಗೆ ದರ್ಶನ ಕೊಡುತ್ತಾನೆ. ಅದೂ ಆಗದಿದ್ದರೆ ಫೈಲು ತಾವೇ ಇಟ್ಟುಕೊಳ್ಳಿ, ಅದರೊಳಗಿನ ಒಂದು ಹೆಸರನ್ನು ಮಾತ್ರ ಬಾಗಿಲ ಸಂದಿಯಿಂದ ಈಚೆ ಬಿಡಿ.

ಮನೆಯವರಿಗೆ ನಾನು ಕೊಟ್ಟಿದ್ದ ಕಾರಣ ಬೇರೆ, ಅದನ್ನೂ ತಿಳಿಸಿಬಿಡುತ್ತೇನೆ. ಇವಳ ದನಿ ನಿಂತ ಮೇಲೆ ಬೊಮ್ಮಿ ಹಾಲು ಕೊಡುವುದನ್ನು ನಿಲ್ಲಿಸಿತು. ನಾನು ಮಾತಾಡಿದೆ, ಒದೆಯಿತು. ಮಾಲಾ ಹಾಡಿದಳು, ಬಾಲದಿಂದ ಮುಖಕ್ಕೆ ಬಾರಿಸಿತು. ಕಣ್ಣಮ್ಮ ಬಂದು ಇವಳ ಹಾಗೆಯೇ ಬೈದು ನೋಡಿದಳು, ಬೊಮ್ಮಿ ತಿರುಗಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿತು. ಎಮ್ಮೆಗೆ ಕೇಳಿಸಲು ಆ ರೆಕಾರ್ಡಿಂಗು ಬೇಕೇಬೇಕು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಒಳ್ಳೆಯ ಕಾರಣವಾಗಿತ್ತು. ಆದರೆ ಒಂದು ಬೆಳಿಗ್ಗೆ ಇವಳೇ ತಂಬಿಗೆ ಹಿಡಿದು ಬೊಮ್ಮಿಯ ಪಕ್ಕದಲ್ಲಿ ಕೂತು, ಕೈಬಳೆಯಿಂದ ತಂಬಿಗೆಯನ್ನು ಮೆಲ್ಲಗೆ ಬಡಿಯುತ್ತ, ಮಾತಾಡುತ್ತಿದ್ದ ಲಯದಲ್ಲೇ ತಡೆದು ತಡೆದು ಬಡಿಯುತ್ತ ಹೋದಳು. ಬೊಮ್ಮಿ ಕಿವಿ ನಿಮಿರಿಸಿತು, ಸ್ವಲ್ಪ ಹೊತ್ತು ಯೋಚಿಸಿತು, ಸೊರ ಬಿಟ್ಟಿತು. ಕೋಣನ ಮುಂದೆ ಕಿನ್ನರಿ ಎಂಬ ಗಾದೆ ಕಟ್ಟಿದವರು ಬೊಮ್ಮಿಯನ್ನು ನೋಡಿರಲಿಲ್ಲ. ತಮ್ಮನ್ನೂ ನೋಡಿರಲಿಲ್ಲ.

ಹೀಗೆ ನನ್ನ ಕಾರಣ ಹಾಲಿನ ತಂಬಿಗೆಯಲ್ಲಿ ಮುಳುಗಿತು. ಆದರೂ ನಾನು ಪೆಟ್ಟಿಗೆಯನ್ನು ಬಿಡಲಿಲ್ಲ, ಅರವಿಂದನನ್ನು ಮತ್ತೆ ಮತ್ತೆ ಕರೆಸುತ್ತಲೇ ಇದ್ದೆ. ಇವಳು ನೋಡುವಷ್ಟು ನೋಡಿ, ಒಂದು ಸಂಜೆ ಕೊಟ್ಟಿಗೆಯಲ್ಲಿ ನನ್ನನ್ನು ತಡೆದು, ಇನ್ನು ಯಾಕೆ ಎಂಬಂತೆ ಕೈ ತಿರುವಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಅದ್ರಾಗೆ ನೀನು ನನ್ನ ಎಸ್ರು ಏಳಿದ್ದೀಯ ಕಣೇ. ಬೊಮ್ಮಿ ತಾವ ಏಳಿದ್ದೀಯ. ನಂಗೆ ಅದು ಬೇಕು” ಎಂದೆ. ಹೇಳುತ್ತಲೇ ನನಗೆ ಅಳು ಬಂತು. ಎಮ್ಮೆಯ ಮುಂದೆ, ಬೂಸಾದ ಕೈಯಲ್ಲಿ ಕಣ್ಣೊರೆಸಿಕೊಂಡೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆದಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಸದ್ದಿಲ್ಲದ ನಗು, ಭುಜ ಮಾತ್ರ ಕುಲುಕುತ್ತಿತ್ತು. ನಾಚಿಕೆಯಿಂದ ಅತ್ತ ತಿರುಗಿ ಬೊಮ್ಮಿಯ ಬೆನ್ನು ನೀವುತ್ತ ನಿಂತಳು. ಮತ್ತೆ ಏನೋ ಹೊಳೆದವಳಂತೆ ಸೆರಗು ಸರಿಸಿ, ನನ್ನ ಕಡೆ ನೇರವಾಗಿ ತಿರುಗಿ, ತುಟಿಗಳನ್ನು ನಿಧಾನವಾಗಿ ಆಡಿಸಿದಳು. ಗೋ-ವಿಂದ್-ರಾ-ಜು. ಒಂದು ಚೂರೂ ಸದ್ದು ಬರಲಿಲ್ಲ. ಹೇಳಿ, ತನ್ನ ಗಂಟಲನ್ನು ಮುಟ್ಟಿ, ದನಿಯೇ ಇಲ್ಲವಲ್ಲ, ಇನ್ನು ದೋಷವೆಲ್ಲಿ ಬಂತು ಎಂಬಂತೆ ಕೈ ಆಡಿಸಿದಳು. ಈಗ ದಿನಾ ಕರೆಯುತ್ತಾಳೆ. ಊಟಕ್ಕೆ ಕರೆಯುತ್ತಾಳೆ, ಬೈಯಲು ಕರೆಯುತ್ತಾಳೆ, ನಾನು ಅತ್ತ ನೋಡುತ್ತಿದ್ದರೆ ತಂಬಿಗೆ ಬಡಿದು ಇತ್ತ ತಿರುಗಿಸಿಕೊಂಡು ಕರೆಯುತ್ತಾಳೆ.

ಇದರಿಂದ ತಾವು ಪಾರಾದಿರಿ ಎಂದು ತಿಳಿಯಬಾರದು. ತುಟಿಯಲ್ಲಿ ನೋಡಿದ ಮೇಲೆ ಕಿವಿಯಲ್ಲೂ ಕೇಳಬೇಕೆಂಬ ಆಸೆ ನನಗೆ ಹೆಚ್ಚೇ ಆಗಿದೆ. ಆದ್ದರಿಂದ ತಮ್ಮನ್ನು ಎಸೆಯುವುದಿಲ್ಲ, ಗುಜರಿಗೆ ಹಾಕುವುದಿಲ್ಲ, ದಿನಾ ಧೂಳು ಒರೆಸಿ ಕರೆಂಟು ಕೊಡುತ್ತೇನೆ. ತಮ್ಮ ಬೀಗದಲ್ಲಿ ಯಾರಾದರೂ ಬಿರುಕು ಕಂಡುಹಿಡಿದಾರೆಂದು ಅರವಿಂದ ದಿನಾ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದಾನೆ. ಅಲ್ಲಿಯವರೆಗೆ ಒಳಗಿರುವ ನನ್ನ ಹೆಸರನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಬೇರೆ ಗತಿಯಿಲ್ಲದೆ ಇಂದಿಗೂ ತಮ್ಮ ವಿಶ್ವಾಸಿಯಾಗಿರುವ,

ಮಾಲಾ ಅಪ್ಪ
(ಎಮ್ಮೆಯ ಕಡತದಲ್ಲಿ ಗೋವಿಂದರಾಜು)

ಮರೆತದ್ದು: ಈ ಪತ್ರದಲ್ಲಿ ತಮ್ಮ ಕಂಪನಿಯ ಹೆಸರು ಎಲ್ಲಿಯೂ ಬಂದಿಲ್ಲವೆಂಬುದನ್ನು ಗಮನಿಸಿರಬಹುದು. ಹೆದರಿ ಬಿಟ್ಟದ್ದಲ್ಲ. ಪೆಟ್ಟಿಗೆ ಕೊಂಡವನು ನಾನಾದರೂ ಯಜಮಾನಿಕೆ ಅವರದೇ ಎಂದು ತಾವು ತೋರಿಸಿಕೊಟ್ಟಿರುವುದರಿಂದ, ಯಜಮಾನರ ಹೆಸರು ಹೇಳಬಾರದೆಂಬ ನಮ್ಮ ಮನೆಯ ರೂಢಿಯನ್ನು ಪಾಲಿಸಿದ್ದೇನೆ. ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದಂತೆ. ಬರುವ ಆಡಿ ಹದಿನೆಂಟರೊಳಗೆ ತಾವು ಬಾಗಿಲು ತೆರೆಯದಿದ್ದರೆ, ನಾನು ದಿನಾ ಬೆಳಿಗ್ಗೆ ಕೊಳತ್ತೂರು ಬಸ್ ನಿಲ್ದಾಣದಲ್ಲಿ ನಿಂತು ಆ ಹೆಸರನ್ನು ಗಟ್ಟಿಯಾಗಿ ಕೂಗುವವನಿದ್ದೇನೆ.